ಬರೆದವರ ಹೆಸರು ಹೇಳಿ, ಆಮೇಲೆ ಹಾಡಿ

"ಕನ್ನಡದಲ್ಲಿ ಸಿಂಗರ್-ಸಾಂಗ್‌ರೈಟರ್ ಅನ್ನೋ ಜಾತೀನೇ ಇಲ್ವಲ್ಲ ಗುರು!"

ಬೆಂಗಳೂರಿನ ಯಾವುದೇ ಆಫೀಸಿನ ಕೆಫೆಟೇರಿಯಾಕ್ಕೆ ಹೋಗಿ, ಈ ಮಾತು ಹೇಳೋರೊಬ್ಬರು ಸಿಕ್ಕೇ ಸಿಗ್ತಾರೆ. ಹೇಳೋರ ಫೋನಲ್ಲಿ ಡಿಲನ್ ಇರ್ತಾನೆ, ಕೊಹೆನ್ ಇರ್ತಾನೆ. 2016ರಲ್ಲಿ ಬಾಬ್ ಡಿಲನ್‌ಗೆ ಸಾಹಿತ್ಯದ ನೊಬೆಲ್ ಬಂದಾಗ "ಹಾಡು ಸಾಹಿತ್ಯವಾ?" ಅಂತ ಲೋಕವೆಲ್ಲ ಜಗಳ ಆಡ್ತಲ್ಲ, ನಮ್ಮ ಟೀಮಿನವರೂ ಆ ಜಗಳಕ್ಕೆ ಇಳಿದಿದ್ರು. ಕನ್ನಡದವರಿಗೆ ಈ ಪ್ರಶ್ನೆ ಏಳೋದೇ ಒಂದು ತಮಾಷೆ. ಪುರಂದರದಾಸರು ತಾವೇ ಕಟ್ಟಿ ತಾವೇ ಹಾಡಿದವರು. ಕನಕದಾಸರೂ ಹಾಗೇ. 1819ರಲ್ಲಿ ಹುಟ್ಟಿದ ಶಿಶುನಾಳ ಶರೀಫರು ಕೆಲಕಾಲ ಶಾಲಾ ಮಾಸ್ತರಿಕೆ ಮಾಡಿ, ಬಿಟ್ಟು, ಊರೂರು ಅಲೆದು ಪದ ಹಾಡಿದವರು. ಇನ್ನೆಂಥ ಸಿಂಗರ್-ಸಾಂಗ್‌ರೈಟರ್ ಬೇಕು ಸ್ವಾಮಿ ನಿಮಗೆ?

ಜಾತಿ ಇದೆ. ಇಲ್ಲದಿರೋದು, ಹಾಡು ಕೇಳಿದ ಮೇಲೆ "ಇದನ್ನ ಬರೆದದ್ದು ಯಾರು?" ಅಂತ ಕೇಳೋ ಅಭ್ಯಾಸ. ಅದನ್ನ ನಾವು, ಅಂದರೆ ನನ್ನ ತಲೆಮಾರಿನ, ಹೆಡ್‌ಫೋನ್ ಹಾಕ್ಕೊಂಡು ಮೆಟ್ರೋ ಹತ್ತೋ ಕನ್ನಡಿಗರು, ಕಳೆದುಬಿಟ್ಟಿದ್ದೀವಿ. ಇಷ್ಟು ಕಟುವಾಗಿ ಹೇಳೋಕೆ ನನಗೊಂದು ಕಾರಣ ಇದೆ. ಆ ಕಾರಣ ಮಧುಗಿರಿ ತಾಲ್ಲೂಕಿನಲ್ಲಿ ಹುಟ್ಟಿದೆ.

ನಮ್ಮೂರು ಪಕ್ಕದ ಕೊರಟಗೆರೆ ತಾಲ್ಲೂಕು. ಹಾಗಂದ ಕೂಡಲೇ "ಓ, ಸಿದ್ದರಬೆಟ್ಟ!" ಅಂತಾರೆ. ಮಧುಗಿರಿ ಅಂದ್ರೆ "ಏಕಶಿಲಾ ಬೆಟ್ಟ, ಹತ್ತಿದ್ದೀವಿ, ಫೋಟೋ ಇದೆ." ಶಿರಾ ಅಂದ್ರೆ ಹುಬ್ಬಳ್ಳಿ ಕಡೆ ಹೋಗೋವಾಗ ಕಾಫಿಗೆ ನಿಲ್ಲಿಸೋ ಜಾಗ. ಪಾವಗಡ ಅಂದ್ರೆ ಸೋಲಾರ್ ಪಾರ್ಕ್, ಇಲ್ಲಾ ಶನಿಮಹಾತ್ಮ. ಬೆಟ್ಟ ಗೊತ್ತು, ಹೈವೇ ಗೊತ್ತು, ಮೆಗಾವ್ಯಾಟ್ ಗೊತ್ತು. ಸರಿ, ಈ ಸೀಮೆಯ ಒಬ್ಬ ಹಾಡುಗಬ್ಬಿಗನ ಹೆಸರು ಹೇಳಿ ನೋಡೋಣ ಅಂದ್ರೆ ಎಲ್ಲರೂ ಮೊಬೈಲ್ ನೋಡ್ಕೊಳ್ತಾರೆ. ಆದರೆ ಅವರಲ್ಲಿ ಅರ್ಧಕ್ಕರ್ಧ ಜನರಿಗೆ ಆತನ ಹಾಡು ಬಾಯಿಪಾಠ ಬರುತ್ತೆ!

ಆತ ದೊಡ್ಡರಂಗೇಗೌಡ. ಹುಟ್ಟಿದ್ದು 1946ರಲ್ಲಿ, ಮಧುಗಿರಿ ತಾಲ್ಲೂಕಿನ ಕುರುಬರಹಳ್ಳಿಯಲ್ಲಿ. ಬೆಂಗಳೂರಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. 2018ರಲ್ಲಿ ಪದ್ಮಶ್ರೀ ಬಂತು. 2023ರ ಜನವರಿಯಲ್ಲಿ ಹಾವೇರಿಯಲ್ಲಿ ನಡೆದ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಬಿರುದು-ಬಾವಲಿಗೇನೂ ಕಮ್ಮಿ ಇಲ್ಲ. ಆದ್ರೂ "ತೇರಾ ಏರಿ" ಯಾರದು ಅಂತ ಕೇಳಿ. "ಅದು ಜಾನಪದ ಅಲ್ವಾ?" ಅಂತಾರೆ. ಸ್ವಲ್ಪ ತಿಳಿದವರು "ರಾಜನ್-ನಾಗೇಂದ್ರ" ಅಂತಾರೆ. ಅದರಾಚೆ ಮಾತಿಲ್ಲ.

"ಅವರು ಹಾಡುಗಾರರಲ್ಲವಲ್ಲ, ಬರೀ ಬರೆದವರು. ಸಿಂಗರ್-ಸಾಂಗ್‌ರೈಟರ್ ಹೇಗಾಗ್ತಾರೆ?" ಅಂತ ಯಾರಾದರೂ ಕೇಳಬಹುದು. ಆಗಲ್ಲ, ಒಪ್ಪಿದೆ. ನನ್ನ ತಕರಾರು ಆ "ಬರೀ" ಅನ್ನೋ ಪದದ ಮೇಲೆ. ಡಿಲನ್ ವಿಷಯದಲ್ಲಿ ಹೊಸ ಆಲ್ಬಂ ಬಂದಾಗಲೆಲ್ಲ ಸೌಂಡ್ ಹೇಗೆ ಬದಲಾಯ್ತು ಅಂತ ಪುಟಗಟ್ಟಲೆ ಓದ್ತೀವಿ. ನಮ್ಮಲ್ಲಿ ಬರೆದವನಿಗೆ ಸೌಂಡೇ ಇಲ್ಲ, ಅದೆಲ್ಲ ಸಂಗೀತ ನಿರ್ದೇಶಕರ ಖಾತೆ ಅಂತ ತೀರ್ಮಾನ ಮಾಡ್ಕೊಂಡಿದ್ದೀವಿ. ಈ ತೀರ್ಮಾನ ಎಷ್ಟು ಪೊಳ್ಳು ಅನ್ನೋದಕ್ಕೆ ದೊಡ್ಡರಂಗೇಗೌಡರ ಮೂರೇ ಹಾಡು ಸಾಕು. ಹಾಡು ಕೂಡ ಬೇಡ, ಹೆಸರುಗಳು ಸಾಕು.

ಮೊದಲನೆಯದು ಅದೇ "ತೇರಾ ಏರಿ". 1978ರ ‘ಪರಸಂಗದ ಗೆಂಡೆತಿಮ್ಮ’ ಚಿತ್ರದ್ದು. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿ, ಲೋಕೇಶ್ ಅಭಿನಯ, ರಾಜನ್-ನಾಗೇಂದ್ರ ಸಂಗೀತ. ಆ ಎರಡು ಪದವನ್ನ ನಿಧಾನವಾಗಿ ಉಚ್ಚರಿಸಿ. ನಾಲ್ಕು ಅಕ್ಷರದಲ್ಲಿ ಮೂರು ದೀರ್ಘ. ಬಾಯಿ ತಾನಾಗೇ ಅಗಲವಾಗಿ ತೆರೆಯುತ್ತೆ, ಉಸಿರು ಮೇಲಕ್ಕೆ ಏರುತ್ತೆ. ರಾಗ ಹಾಕೋಕೆ ಮುಂಚೇನೇ ಅಲ್ಲಿ ಬೆಳಗಾಗ್ತಿದೆ! ಇನ್ನು ಆ ಚಿತ್ರದ ಹಾಡುಗಳಲ್ಲಿ ಬರೋ "ದಾಗೆ". "ಊರಾಗೆ", "ಹೊಲದಾಗೆ", "ಮನ್ಯಾಗೆ" ಅಂತ ಶಿರಾ-ಪಾವಗಡದ ಕಡೆ ಈಗಲೂ ಮಾತಾಡ್ತಾರೆ. ಕಾದಂಬರಿಕಾರರು ಮೈಸೂರು ಸೀಮೆಯವರು. ಹಾಡಿನ ನಾಲಗೆ ಮಾತ್ರ ನನ್ನ ಕಿವಿಗೆ ನಮ್ಮ ಬಯಲುಸೀಮೆಯದು. ಬಸ್‌ಸ್ಟ್ಯಾಂಡಲ್ಲಿ ನಿಂತು ಆಡೋ ಮಾತನ್ನ ಅದರ ಧೂಳು ಕೊಡವದೆ ಸಿನಿಮಾ ಹಾಡೊಳಗೆ ತಂದು ಕೂರಿಸಿದ್ರು. ಹಳ್ಳಿ ಮಾತು ಅಂದ್ರೆ ನಗಿಸೋಕೆ ಇರೋದು ಅನ್ನೋ ಪರದೆಯ ಮೇಲೆ ಅದೇ ಮಾತಲ್ಲಿ ಸೂರ್ಯೋದಯ ಆಯ್ತು.

ಎರಡನೆಯದು 1981ರ ‘ಆಲೆಮನೆ’ ಚಿತ್ರದ "ನಮ್ಮೂರ ಮಂದಾರ ಹೂವೆ". ಸಂಗೀತ ಸಿ. ಅಶ್ವತ್ಥ್ ಮತ್ತು ಎಲ್. ವೈದ್ಯನಾಥನ್ ಜೋಡಿ, ದನಿ ಎಸ್.ಪಿ. ಬಾಲಸುಬ್ರಹ್ಮಣ್ಯಂ. ಇಲ್ಲಿ "ದಾಗೆ" ಇಲ್ಲ. ಭಾಷೆ ತಲೆ ಬಾಚಿಕೊಂಡು, ಇಸ್ತ್ರಿ ಅಂಗಿ ಹಾಕ್ಕೊಂಡು ಬಂದಿದೆ. ಆದ್ರೂ "ನಮ್ಮೂರ" ಅಂತಲೇ ಶುರುವಾಗುತ್ತೆ. ಮ, ನ, ರ, ವ... ಇಡೀ ಹೆಸರಲ್ಲಿ ಒರಟಾಗಿ ತಾಕೋ ವ್ಯಂಜನ ಹುಡುಕಿದರೂ ಸಿಗಲ್ಲ. ಆ ಹೆಸರು ಎಷ್ಟು ಮನಸ್ಸಿಗೆ ಹತ್ತಿತ್ತು ಅಂದ್ರೆ, ತೊಂಬತ್ತರ ದಶಕದಲ್ಲಿ ಅದೇ ಹೆಸರಿನ ಒಂದು ಸಿನಿಮಾ ಬಂದು ಅದೂ ಗೆದ್ದಿತು. ಹಾಡಿನ ಮೊದಲ ಸಾಲು ಸಿನಿಮಾ ಪೋಸ್ಟರ್ ಆಯ್ತು. ಸಾಲು ಕಟ್ಟಿದವರ ಹೆಸರು ಎಷ್ಟು ಜನಕ್ಕೆ ನೆನಪಾಯ್ತು?

ಮೂರನೆಯದು 1990ರ ‘ಅಶ್ವಮೇಧ’ ಚಿತ್ರಕ್ಕೆ ಡಾ. ರಾಜ್‌ಕುಮಾರ್ ಹಾಡಿದ "ಹೃದಯ ಸಮುದ್ರ". ಇಲ್ಲಿ ಮಂದಾರವೂ ಇಲ್ಲ, ಅಂಬರವೂ ಇಲ್ಲ. ಎದೆ ಹೋಗಿ ಹೃದಯ ಆಗಿದೆ, ಕಡಲು ಹೋಗಿ ಸಮುದ್ರ ಆಗಿದೆ. ಋಕಾರ, ಒತ್ತಕ್ಷರ, ಕುದುರೆ ಗೊರಸಿನ ಹಾಗೆ ಟಕಟಕ ಬಡಿಯೋ ಸದ್ದು. ರಾಜ್‌ಕುಮಾರರ ಆ ತುಂಬು ಕಂಠಕ್ಕೆ ಬೇಕಾದ್ದೂ ಅದೇ. ಸಂಸ್ಕೃತ ಪದಗಳಿಗೆ ಒಂದು ತೂಕ ಇರುತ್ತೆ, ಆ ತೂಕ ಎಲ್ಲಿ ಬೀಳಬೇಕು ಅಂತ ಕುರುಬರಹಳ್ಳಿಯವರಿಗೆ ಚೆನ್ನಾಗೇ ಗೊತ್ತಿತ್ತು.

ಈ ಮೂರು ಹಾಡನ್ನ ಒಬ್ಬರೇ ಬರೆದದ್ದು ಅಂದ್ರೆ ನಮ್ಮ ಹುಡುಗರು ನಂಬಲ್ಲ. ಹನ್ನೆರಡು ವರ್ಷದಲ್ಲಿ ಒಬ್ಬ ಬರಹಗಾರನ ಸದ್ದು ಬಯಲುಸೀಮೆ ಆಡುಮಾತಿಂದ ನಯವಾದ ನಾಡ ಕನ್ನಡಕ್ಕೆ, ಅಲ್ಲಿಂದ ನಾಟಕದ ಗತ್ತಿಗೆ ಬಂತು. ಆಮೇಲೆ ಸಿನಿಮಾದ ಹೊರಗೆ, ಅಶ್ವತ್ಥ್ ರಾಗ ಹಾಕಿ ಎಸ್ಪಿಬಿ ಹಾಡಿದ ‘ಮಾವು-ಬೇವು’ ಕ್ಯಾಸೆಟ್ಟಲ್ಲಿ ಭಾವಗೀತೆಯ ಮನೆಗೂ ಹೋಗಿ ಕೂತಿತು. ಇದು ಒಂದು ಕೆರಿಯರ್. ಇದಕ್ಕೊಂದು ವಿಕಾಸ ಇದೆ. ಬೇರೆ ಯಾವ ದೇಶದಲ್ಲಾದರೂ ಇದರ ಮೇಲೆ ಪಾಡ್‌ಕಾಸ್ಟ್ ಸರಣಿ ಬರ್ತಿತ್ತು. ನಮ್ಮಲ್ಲಿ ಮೂರೂ ಹಾಡು ಮೂರು ಪ್ಲೇಲಿಸ್ಟಲ್ಲಿ ಅನಾಥವಾಗಿ ಬಿದ್ದಿವೆ: ಒಂದು "ಜಾನಪದ ಹಿಟ್ಸ್", ಒಂದು "ಎಸ್ಪಿಬಿ ರೊಮ್ಯಾಂಟಿಕ್", ಇನ್ನೊಂದು "ಅಣ್ಣಾವ್ರು".

ಇದು ಮೊದಲಿಂದಲೂ ಹೀಗಿರಲಿಲ್ಲ ಅನ್ನೋದೇ ನನ್ನ ಸಿಟ್ಟಿನ ಮೂಲ. ನಮ್ಮ ಪರಂಪರೆ ಈ ಸಮಸ್ಯೆಯನ್ನ ಯಾವತ್ತೋ ಬಗೆಹರಿಸಿತ್ತು. ಅದರ ಹೆಸರು ಅಂಕಿತ. ವಚನದ ಕೊನೆಗೆ ಕೂಡಲಸಂಗಮದೇವ ಬಂದ್ರೆ ಬಸವಣ್ಣ, ಪದದ ಕೊನೆಗೆ ಪುರಂದರವಿಠಲ ಬಂದ್ರೆ ಪುರಂದರದಾಸರು. ಅಂಕಿತದಲ್ಲಿರೋದು ದೇವರ ಹೆಸರು, ಗುರುತು ಸಿಗೋದು ಕಟ್ಟಿದವರದ್ದು. ವಿನಯವೂ ಉಳೀತು, ಲೆಕ್ಕವೂ ಸರಿಹೋಯ್ತು. ನಮ್ಮ ದೊಡ್ಡಪ್ಪ ಭಜನೆ ಮೇಳದಲ್ಲಿ ತಾಳ ಹಾಕೋರು. ತೆಲುಗು-ಕನ್ನಡ ಎರಡೂ ಭಾಷೆಯ ತತ್ವಪದ ಹಾಡ್ತಿದ್ರು. ಕೈವಾರ ತಾತಯ್ಯನವರ ಪದ ಹಾಡುವಾಗ ಯಾರಾದರೂ ಹುಡುಗ ಕೊನೆಯ ಚರಣ ನುಂಗಿ ಎದ್ದರೆ ಬೈಯೋರು: "ಲೇ ಮಗಾ, ಅಮರನಾರೇಯಣ ಅನ್ನಕಿಂತ ಮುಂಚೆ ಎಲ್ಲಿಗ್ಲಾ ಏಳ್ತೀಯ? ಯಾರ ಮನೆ ಉಂಡೆ ಅಂತ ಹೇಳ್ದೆ ಕೈ ತೊಳಕಂಡಂಗಾತು!" ಇದಕ್ಕಿಂತ ಒಳ್ಳೆ ಕಾಪಿರೈಟ್ ಪಾಠ ನನಗೆ ಯಾವ ಕಾರ್ಪೊರೇಟ್ ಟ್ರೈನಿಂಗಲ್ಲೂ ಸಿಕ್ಕಿಲ್ಲ.

ಆಕಾಶವಾಣಿ ಬಂದಾಗಲೂ ಈ ಮರ್ಯಾದೆ ಉಳಿದಿತ್ತು. ಹಾಡಿಗೆ ಮುಂಚೆ ಚಿತ್ರ, ಸಾಹಿತ್ಯ, ಸಂಗೀತ, ಹಾಡಿದವರು ಅಂತ ಉದ್ಘೋಷಕರು ಸಾಲಾಗಿ ಹೇಳ್ತಿದ್ರು. ಸುಗಮ ಸಂಗೀತದ ವೇದಿಕೆಯಲ್ಲಿ ಇವತ್ತಿಗೂ ಕವಿ ಹೆಸರು ಹೇಳದೆ ಹಾರ್ಮೋನಿಯಂ ಮುಟ್ಟೋದಿಲ್ಲ. 1978ನೇ ಇಸವಿಯನ್ನೇ ನೋಡಿ. ಒಂದು ಕಡೆ ಗೆಂಡೆತಿಮ್ಮ ಬಂತು. ಇನ್ನೊಂದು ಕಡೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ ಬಂತು. ‘ನಿತ್ಯೋತ್ಸವ’ ಅಂದ್ರೆ ನಿಸಾರ್ ಅಹಮದ್ ಅಂತ ಸ್ಕೂಲ್ ಮಕ್ಕಳಿಗೂ ಗೊತ್ತು. ಯಾಕೆಂದರೆ ಆ ಕ್ಯಾಸೆಟ್ ಕವಿಯ ಹೆಸರಲ್ಲೇ ನಡೆಯಿತು. ಗೆಂಡೆತಿಮ್ಮನ ಹಾಡೂ ಅಷ್ಟೇ ಜನರ ಬಾಯಲ್ಲಿ ಉಳೀತು, ಕವಿ ಮಾತ್ರ ದಾರೀಲೇ ಇಳಿದುಹೋದರು. ವ್ಯತ್ಯಾಸ ಪ್ರತಿಭೆಯದ್ದಲ್ಲ, ಮೇಲೆ ಅಂಟಿಸಿದ ಲೇಬಲ್‌ದು.

ಈಗ ನಮ್ಮ ಕಾಲಕ್ಕೆ ಬನ್ನಿ. ಆ್ಯಪ್ ತೆಗೀರಿ. ಹಾಡಿನ ಕೆಳಗೆ ಹಾಡಿದವರ ಹೆಸರು ದಪ್ಪಕ್ಕಿದೆ. ಬರೆದವರನ್ನ ನೋಡಬೇಕಂದ್ರೆ ಮೂರು ಚುಕ್ಕಿ ಒತ್ತಿ, ಮೆನು ಇಳಿಸಿ, ಇನ್ನೊಂದು ಪುಟಕ್ಕೆ ಹೋಗಿ... ಅಲ್ಲೂ ಎಷ್ಟೋ ಹಳೇ ಕನ್ನಡ ಹಾಡಿಗೆ ಆ ಜಾಗ ಖಾಲಿ. ರೀಲ್ಸ್ ಬಂದ ಮೇಲಂತೂ ಅಂಕಿತದ ಕಥೆಯೂ ಮುಗೀತು. ಅಂಕಿತ ಇರೋದು ಕೊನೇ ಚರಣದಲ್ಲಿ, ರೀಲ್ ಇರೋದು ಮೂವತ್ತು ಸೆಕೆಂಡು! ಐನೂರು ವರ್ಷ ಬಾಯಿಂದ ಬಾಯಿಗೆ ದಾಟಿಯೂ ಹೋಗದ ಹೆಸರನ್ನ ನಾವು ಮೂವತ್ತು ಸೆಕೆಂಡಲ್ಲಿ ಕತ್ತರಿಸಿ ಹಾಕ್ತಿದ್ದೀವಿ.

"ಹೋಗ್ಲಿ ಬಿಡಿ, ಜಾನಪದ ಅಂದ್ರೆ ಅದೂ ಒಂದು ಗೌರವಾನೇ. ಹಾಡು ಜನರದ್ದಾಯ್ತು ಅಂತ ತಾನೇ ಅರ್ಥ?" ಅಂತ ನನಗೆ ಬುದ್ಧಿ ಹೇಳಿದವರಿದ್ದಾರೆ. ಕೇಳೋಕೆ ಚೆಂದ. ಆದರೆ ಇದರಲ್ಲಿ ಎರಡು ಅನ್ಯಾಯ ಇದೆ.

ಒಂದು, ಬರೆದವರಿಗೆ. ಅದು ಕಾಣ್ತಿದೆ. ಇನ್ನೊಂದು, ನಿಜವಾದ ಜಾನಪದಕ್ಕೆ. ಅದು ಯಾರಿಗೂ ಕಾಣ್ತಿಲ್ಲ. ಶಿರಾ ತಾಲ್ಲೂಕಿನಲ್ಲಿ ಜುಂಜಪ್ಪನ ಗುಡ್ಡೆ ಅಂತಿದೆ. ಜುಂಜಪ್ಪ ಕಾಡುಗೊಲ್ಲರ ಸಾಂಸ್ಕೃತಿಕ ವೀರ, ದನ ಕಾಯ್ದವನು. ಅವನ ವಾದ್ಯ ಗಣೆ, ಉದ್ದನೆಯ ಬಿದಿರ ಕೊಳಲು. ಗಣೆ ಊದುತ್ತಾ ರಾತ್ರಿಗಟ್ಟಲೆ ಅವನ ಕಾವ್ಯ ಹಾಡೋ ಪರಂಪರೆ ಅಲ್ಲಿದೆ. ಅದರಲ್ಲಿ ಯಾರ ಅಂಕಿತವೂ ಇಲ್ಲ, ಬೇಕಾಗಿಯೂ ಇಲ್ಲ. ಅದು ನಿಜಕ್ಕೂ ಒಂದು ಸಮುದಾಯ ಕಟ್ಟಿದ್ದು. ಈಗ ನವೆಂಬರ್ ತಿಂಗಳ ಆಫೀಸ್ ರಾಜ್ಯೋತ್ಸವ ನೆನಪು ಮಾಡ್ಕೊಳ್ಳಿ. ಕಾರ್ಯಕ್ರಮ ಪಟ್ಟಿಯಲ್ಲಿ "ಜಾನಪದ ಗೀತೆ, 5 ನಿಮಿಷ" ಅಂತ ಒಂದು ಸ್ಲಾಟ್ ಇರುತ್ತೆ. ಅದಕ್ಕೆ ಪಂಚೆ ಉಟ್ಟ ನಾಲ್ಕು ಜನ ಡೆವಲಪರ್‌ಗಳು ಬಂದು 1978ರ ಸಿನಿಮಾ ಹಾಡು ಹಾಡ್ತಾರೆ. ಕವಿಗೆ ಹೆಸರು ಹೋಯ್ತು. ಗಣೆಯವನಿಗೆ ಇದ್ದ ಐದು ನಿಮಿಷವೂ ಹೋಯ್ತು. ಒಂದೇ ತಪ್ಪು ಲೇಬಲ್‌ಗೆ ಇಬ್ಬರು ಬಲಿ! ಜಾನಪದದ ಮೇಲೆ ಪ್ರೀತಿ ಇದ್ರೆ ಶಿರಾದಿಂದ ಗಣೆಯವರನ್ನ ಕರೆಸಿ, ಸಂಭಾವನೆ ಕೊಡಿ, ಹಾಡಿದವರ ಹೆಸರೂ ಊರೂ ಹೇಳಿ. ಸಿನಿಮಾ ಹಾಡಿನ ಮೇಲೆ ಪ್ರೀತಿ ಇದ್ರೆ ಅದನ್ನ ಅದರ ಹೆಸರಲ್ಲೇ ಹಾಡಿ.

ಇದು ಬರೀ ಮರ್ಯಾದೆ ಪ್ರಶ್ನೆ ಅಂದ್ಕೋಬೇಡಿ, ದುಡ್ಡಿನ ಪ್ರಶ್ನೆಯೂ ಹೌದು. ಅದು ಅರ್ಥ ಆಗಬೇಕಂದ್ರೆ ಪಾವಗಡಕ್ಕೆ ಹೋಗೋಣ. ಅಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಬರದಲ್ಲಿ ಬೆಂದ ಕಡಲೆಕಾಯಿ ಹೊಲಗಳು ಅವು. ಆ ಜಮೀನನ್ನ ರೈತರು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಫಲಕ ಯಾರದ್ದೇ ಇರಲಿ, ಕರೆಂಟ್ ಯಾರೇ ಉರಿಸಲಿ, ಪಹಣಿಯಲ್ಲಿ ಹೆಸರು ರೈತನದ್ದೇ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ಆದ ತಿದ್ದುಪಡಿ ಹಾಡಿನ ವಿಷಯದಲ್ಲಿ ಹೆಚ್ಚುಕಮ್ಮಿ ಇದನ್ನೇ ಹೇಳುತ್ತೆ. ಸಿನಿಮಾಕ್ಕೆ ಹಾಡು ಕೊಟ್ಟರೂ, ಚಿತ್ರಮಂದಿರದ ಆಚೆ ಅದು ಬಳಕೆಯಾದಾಗ ಬರೋ ರಾಯಲ್ಟಿಯಲ್ಲಿ ಸಾಹಿತಿಗೂ ಸಂಗೀತಗಾರನಿಗೂ ಸಮಪಾಲು, ಆ ಪಾಲನ್ನ ನಿರ್ಮಾಪಕ ಬರೆಸಿಕೊಳ್ಳೋ ಹಾಗಿಲ್ಲ. ಗೀತರಚನೆಕಾರ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಕೂತು ಇದಕ್ಕಾಗಿ ವಾದ ಮಾಡಿದವರು. ಇನ್ನು ಅದೇ ಕಾಯ್ದೆಯ 57ನೇ ಕಲಂ, ಹಕ್ಕು ಮಾರಿದ ಮೇಲೂ "ಇದು ನನ್ನ ಕೃತಿ" ಅಂತ ಹೇಳಿಕೊಳ್ಳೋ ಅಧಿಕಾರವನ್ನ ಕರ್ತೃವಿಗೇ ಉಳಿಸಿದೆ.

ಪಹಣಿಯಲ್ಲಿ ಹೆಸರೇ ಇಲ್ಲದಿದ್ರೆ ಬಾಡಿಗೆ ಯಾರ ಖಾತೆಗೆ ಹೋಗುತ್ತೆ? ಹಾಡಿನ ಪಹಣಿ ಅಂದ್ರೆ ಆ ಮೂರು ಚುಕ್ಕಿಯ ಹಿಂದಿನ ಖಾಲಿ ಕಾಲಂ. ಪಾವಗಡದ ಕಥೆಗೆ ಇನ್ನೊಂದು ಮುಖವೂ ಇದೆ. ಜಮೀನಿದ್ದವರಿಗೆ ಗುತ್ತಿಗೆ ಹಣ ಬಂತು, ಅದೇ ಹೊಲದಲ್ಲಿ ಕೂಲಿ ಮಾಡ್ತಿದ್ದ ಭೂಮಿ ಇಲ್ಲದವರಿಗೆ ಕೂಲಿಯೂ ತಪ್ಪಿತು. ಯಾವ ದಾಖಲೆಯಲ್ಲೂ ಇಲ್ಲದ ಗಣೆಯವನ ಸ್ಥಿತಿ ಅದು. ಕಾನೂನು ಅವನ ತನಕ ಹೋಗೋದೇ ಇಲ್ಲ, ನಾವಾದರೂ ಹೋಗಬೇಕು.

"ಹೊಸಬರು ಹಳೇ ಹಾಡು ಹಾಡಲೇಬಾರದಾ ಹಂಗಾದ್ರೆ?" ಧಾರಾಳವಾಗಿ ಹಾಡಲಿ! ರಘು ದೀಕ್ಷಿತ್ 2008ರ ‘ಅಂತರಾಗ್ನಿ’ ಆಲ್ಬಂನಲ್ಲಿ ಶರೀಫರ ಪದಗಳಿಗೆ ಗಿಟಾರ್ ಹಿಡಿದು ಹೊಸ ಸದ್ದು ಕೊಟ್ಟರು. ಅದಕ್ಕೂ ಮುಂಚೆ ಅದೇ ಶರೀಫರನ್ನ ಅಶ್ವತ್ಥ್ ತಮ್ಮ ಕಂಠದಲ್ಲಿ ಮನೆಮನೆಗೆ ತಲುಪಿಸಿದ್ರು. ಎರಡೂ ಕಡೆ ಶರೀಫರ ಹೆಸರು ಅಳಿಸಲಿಲ್ಲ, ಇನ್ನೂ ಬೆಳೀತು. ಕನ್ನಡವೇ ಸರಿಯಾಗಿ ಬಾರದ ಹುಡುಗರು "ಶರೀಫಾ ಯಾರು?" ಅಂತ ಹುಡುಕಿದ್ರು. ಹೊಸ ಸದ್ದು ಹಳೇ ಹೆಸರನ್ನ ಹೀಗೆ ಹೊತ್ತು ತರೋದಾದ್ರೆ ರಾಕ್ ಮಾಡಿ, ರ‍್ಯಾಪ್ ಮಾಡಿ, ಬೇಕಾದ್ರೆ ತಮಟೆ ಜೊತೆ ಟೆಕ್ನೋ ಮಾಡಿ. ಯಾರು ಬೇಡ ಅಂದ್ರು?

ನಾನು ಕೇಳ್ತಿರೋದು ಬಹಳ ಸಣ್ಣದು. ಸ್ಟೇಜ್ ಹತ್ತೋ ಮುಂಚೆ ಒಂದು ನಿಮಿಷ ಹುಡುಕಿ, ಮೈಕಲ್ಲಿ ಒಂದು ವಾಕ್ಯ ಹೇಳಿ. ರೀಲ್ ಹಾಕುವಾಗ ಕೆಳಗೆ ಸಾಹಿತ್ಯ ಯಾರದ್ದು ಅಂತ ಬರೀರಿ. ಕವರ್ ಸಾಂಗ್ ಮಾಡೋರು ವಿಡಿಯೊ ಎಡಿಟರ್ ಹೆಸರು, ಕ್ಯಾಮೆರಾ ಹಿಡಿದೋರ ಹೆಸರು, ಕಾಫಿ ತಂದುಕೊಟ್ಟ ಗೆಳೆಯನ ಹೆಸರನ್ನೂ ಹಾಕ್ತೀರಲ್ಲ, ಅದರ ಮೇಲೊಂದು ಸಾಲು ಹಾಕಿ.

ಇನ್ನು ಈ ಪುಸ್ತಕ ಓದ್ತಿರೋರಲ್ಲಿ ಕೆಲವರಾದರೂ ಇಂಥ ಆ್ಯಪ್‌ಗಳನ್ನ ಕಟ್ಟೋ ಕೆಲಸದಲ್ಲೇ ಇರ್ತೀರಿ. ಡೇಟಾಬೇಸಲ್ಲಿ ಸಾಹಿತ್ಯದ ಕಾಲಂ ಖಾಲಿ ಇದ್ದರೂ ನಡೆಯುತ್ತೆ ಅಂತ ಒಂದು ಮೀಟಿಂಗಲ್ಲಿ ಯಾರೋ ತೀರ್ಮಾನ ಮಾಡಿರ್ತಾರೆ. ಆ ಮೀಟಿಂಗಲ್ಲಿ ಒಬ್ಬ ಕನ್ನಡಿಗನೂ ಕೂತಿರ್ತಾನೆ. ಮುಂದಿನ ಸಲ ಅಂಥ ಮೀಟಿಂಗ್ ಆದಾಗ ಸುಮ್ಮನೆ ತಲೆ ಆಡಿಸಬೇಡಿ. "ಸಾಹಿತ್ಯ ಯಾರದ್ದು ಅಂತ ತುಂಬದೆ ಈ ಹಾಡು ಮುಂದಕ್ಕೆ ಹೋಗಬಾರದು" ಅಂತ ಕೈ ಎತ್ತಿ. ಬಸವಣ್ಣನ ಕಾಲದಲ್ಲೇ ಕಡ್ಡಾಯ ಆಗಿದ್ದ ಫೀಲ್ಡ್ ಅದು, ಆಪ್ಷನಲ್ ಮಾಡಿದ್ದು ನಾವು.